ಬಾರ್ಸಬ್ಬನಿಗೆ ಸೀಟು ಸಿಗಲಿಲ್ಲ

ಬಾಪೂಜಿ ನಗರ, ಭಾನುವಾರದ ಎರಡನೇ ಆರಾಧನೆ. ಯೌವನಸ್ಥರಿಗಾಗಿ ಕೊಟ್ಟ ಸಂದೇಶದ ಬರಹ ರೂಪ.
ವಾಕ್ಯಭಾಗ: ಲೂಕ 14:28–32; ಅಪೊಸ್ತಲರ ಕೃತ್ಯಗಳು 1:15–26

  

ಇವತ್ತು ಹಿಂದಿನ ಸಾಲಿನಲ್ಲಿ ಕೂತಿರೋ ಮಕ್ಕಳ ಮುಖ ನೋಡಿದ್ರೆ ನನಗೆ ಗೊತ್ತಾಗುತ್ತೆ, ಈ ವಾರ ಯಾವ ವಾರ ಅಂತ. ಸಿಇಟಿ ರ‍್ಯಾಂಕ್ ಬಂದಿದೆ. ಆಪ್ಷನ್ ಎಂಟ್ರಿ ನಡೀತಾ ಇದೆ. ಆರಾಧನೆ ಹಾಡುವಾಗ ಕೈ ಮೇಲಿದೆ, ಆದ್ರೆ ಇನ್ನೊಂದು ಕೈಯಲ್ಲಿ ಫೋನ್ ಇದೆ. ಯಾಕೆ ಅಂತ ನನಗೆ ಗೊತ್ತು. ಕೆಇಎ ವೆಬ್‌ಸೈಟ್ ಓಪನ್ ಆಯ್ತಾ ಇಲ್ವಾ ಅಂತ ನೋಡ್ತಿದೀರಿ. (ನಗು) ಪರವಾಗಿಲ್ಲ. ನಿಮ್ಮನ್ನ ಬೈಯೋಕೆ ನಾನು ಇಲ್ಲಿ ನಿಂತಿಲ್ಲ.

ಈ ವಾರ ನನ್ನ ಹತ್ರ ಪ್ರಾರ್ಥನೆಗೆ ಬಂದವರಲ್ಲಿ ಏಳು ಜನ ಒಂದೇ ಪ್ರಶ್ನೆ ಕೇಳಿದ್ರು. "ಪಾಸ್ಟರ್, ನನಗೆ ಸಿಗುತ್ತಾ?" ಒಬ್ಬಳಿಗೆ ಮೈಸೂರು ರೋಡ್‌ನಲ್ಲೇ ಇರೋ ಆರ್‌ವಿ ಬೇಕು. ಒಬ್ಬನಿಗೆ ಕೆ.ಆರ್. ಸರ್ಕಲ್‌ನಲ್ಲಿರೋ ಯುವಿಸಿಇ, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು. ಒಬ್ಬ ತಮ್ಮನಿಗೆ ಐಐಟಿ. ಇನ್ನೊಬ್ಬಳು ತಂಗಿಗೆ ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್, ನಮ್ಮ ಐಐಎಸ್‌ಸಿ. ಎಲ್ಲರ ಪ್ರಶ್ನೆ ಒಂದೇ. ಸಿಗುತ್ತಾ?

ಮೊದಲು ಎರಡು ವಾಕ್ಯಭಾಗ ಓದಿಕೊಂಡ್ವಿ. ಒಂದರಲ್ಲಿ ಯೇಸುಸ್ವಾಮಿ ಲೆಕ್ಕ ಹಾಕೋದನ್ನ ಕಲಿಸ್ತಾರೆ. ಇನ್ನೊಂದರಲ್ಲಿ ಒಂದು ಸೀಟಿಗೆ ಇಬ್ಬರು ಅಭ್ಯರ್ಥಿಗಳಿದ್ದಾರೆ. ಇವೆರಡರ ಮಧ್ಯೆ ನಾನು ನಿಮಗೆ ಒಂದು ತಪ್ಪೊಪ್ಪಿಗೆ ಹೇಳಬೇಕು. ಅದು ನನ್ನದು. ಬಹಳ ದಿನದಿಂದ ಹೇಳಬೇಕಾಗಿತ್ತು.

ಒಂದು: ಕೂತು ಲೆಕ್ಕ ಹಾಕಿ

ಲೂಕ 14ನೇ ಅಧ್ಯಾಯ. ಒಬ್ಬನಿಗೆ ಗೋಪುರ ಕಟ್ಟಬೇಕು ಅಂತ ಆಸೆ. ಅವನು ಮೊದಲು ಏನು ಮಾಡಬೇಕು ಅಂತ ಸ್ವಾಮಿ ಹೇಳ್ತಾರೆ? ಕೂತ್ಕೊಬೇಕು. ಖರ್ಚು ಎಷ್ಟು ಅಂತ ಎಣಿಸಬೇಕು. ತನ್ನ ಹತ್ರ ಅಷ್ಟು ಇದೆಯಾ ನೋಡ್ಕೊಬೇಕು. ಆಮೇಲೆ ಇನ್ನೊಂದು ಉದಾಹರಣೆ: ಒಬ್ಬ ರಾಜನ ಹತ್ರ ಹತ್ತು ಸಾವಿರ ಸೈನಿಕರು, ಎದುರಿಗೆ ಬರ್ತಾ ಇರೋನ ಹತ್ರ ಇಪ್ಪತ್ತು ಸಾವಿರ. ಈ ರಾಜ ಕೂತು ಆಲೋಚನೆ ಮಾಡ್ತಾನೆ, ನನ್ನ ಕೈಲಿ ಆಗುತ್ತಾ ಅಂತ. ಆಗಲ್ಲ ಅಂದ್ರೆ ಶತ್ರು ಇನ್ನೂ ದೂರ ಇರುವಾಗಲೇ ಸಂಧಾನಕ್ಕೆ ಜನ ಕಳಿಸ್ತಾನೆ.

ಸ್ವಾಮಿ ಇಲ್ಲಿ ಮುಖ್ಯವಾಗಿ ಶಿಷ್ಯತ್ವದ ಬೆಲೆ ಬಗ್ಗೆ ಮಾತಾಡ್ತಿದ್ದಾರೆ, ಅದು ನಿಜ. ಆದ್ರೆ ಗಮನಿಸಿ, ಉದಾಹರಣೆಗೆ ಯಾರನ್ನ ಆರಿಸಿಕೊಂಡರು? ಲೆಕ್ಕ ಹಾಕೋ ಮನುಷ್ಯನನ್ನ. ಲೆಕ್ಕ ಹಾಕಿದ್ದಕ್ಕೆ ಅವನನ್ನ ಅಲ್ಪವಿಶ್ವಾಸಿ ಅಂತ ಕರೀಲಿಲ್ಲ. ಊರವರು ನಕ್ಕಿದ್ದು ಲೆಕ್ಕ ಹಾಕದೆ ಅಸ್ತಿವಾರ ಹಾಕಿದವನನ್ನ ನೋಡಿ. ಆಮೆನ್ ಹೇಳ್ತೀರಾ? (ಸಭೆ: ಆಮೆನ್)

ಹಾಗಾದ್ರೆ ಇವತ್ತು ದೇವರ ಆಲಯದಲ್ಲೇ ಲೆಕ್ಕ ಹಾಕೋಣ. ಭಯ ಪಡಬೇಡಿ, ಇದೂ ಆರಾಧನೆಯೇ.

ಐಐಟಿ ಕೇಳಿದ ತಮ್ಮ ಇಲ್ಲಿದ್ದಾನೆ, ಅವನ ಅನುಮತಿ ತಗೊಂಡೇ ಹೇಳ್ತಿದೀನಿ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕಿಂತ ಹೆಚ್ಚು. ಅದರಲ್ಲಿ ಅಡ್ವಾನ್ಸ್‌ಡ್ ಪರೀಕ್ಷೆಯ ಎರಡೂ ಪೇಪರ್ ಬರೆದವರು ಸುಮಾರು 1 ಲಕ್ಷ 80 ಸಾವಿರ. ಅರ್ಹತೆ ಪಡೆದವರು 48,248. ಎಲ್ಲಾ ಐಐಟಿಗಳೂ ಸೇರಿ ಇದ್ದ ಸೀಟು 17,740. ಮೇನ್ ಬರೆದ ಸುಮಾರು 80 ಜನರಲ್ಲಿ ಒಬ್ಬರಿಗೆ ಸೀಟು. ಇನ್ನೊಂದು ನೋಡಿ: ಪಾಸಾದವರಲ್ಲೇ ಮೂವತ್ತು ಸಾವಿರ ಮಕ್ಕಳಿಗೆ ಐಐಟಿಯಲ್ಲಿ ಜಾಗ ಇರಲಿಲ್ಲ. ಅವರು ದಡ್ಡರಾ? ಅವರ ತಾಯಂದಿರು ಪ್ರಾರ್ಥನೆ ಮಾಡಲಿಲ್ವಾ? ಕುರ್ಚಿ ಅಷ್ಟೇ ಇದ್ದದ್ದು.

ಪರ್ಸೆಂಟೈಲ್ ಬಗ್ಗೆ ಒಂದು ಮಾತು, ತಂದೆತಾಯಂದಿರು ಕೇಳಿಸ್ಕೊಳ್ಳಿ. 99 ಪರ್ಸೆಂಟೈಲ್ ಅಂದ್ರೆ ನೂರಕ್ಕೆ 99 ಮಾರ್ಕ್ಸ್ ಅಲ್ಲ. ಬರೆದವರಲ್ಲಿ ನೂರಕ್ಕೆ 99 ಜನ ಈ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ತಗೊಂಡಿದ್ದಾರೆ ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ! ಆದ್ರೆ 14 ಲಕ್ಷ ಜನರಲ್ಲಿ ಮೇಲಿನ ಆ ಒಂದು ಪರ್ಸೆಂಟ್ ಅಂದ್ರೆ 14 ಸಾವಿರ ಜನ. ಮಗ 99 ತಗೊಂಡು ಬಂದು ಮೂಲೆಯಲ್ಲಿ ಅಳ್ತಾ ಕೂತಿದ್ರೆ, "ಇಷ್ಟು ತಗೊಂಡೂ ಅಳ್ತೀಯಲ್ಲೋ" ಅಂತ ಬೈಬೇಡಿ. ಅವನು ಲೆಕ್ಕ ಹಾಕಿದ್ದಾನೆ.

ಈಗ ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕ್ ಬರೋದು ಅರ್ಧ ಸಿಇಟಿ ಅಂಕದಿಂದ, ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕದಿಂದ. 2024ರಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಕ್ಕಳಿಗೆ ಎಂಜಿನಿಯರಿಂಗ್ ರ‍್ಯಾಂಕ್ ಸಿಕ್ತು. ರ‍್ಯಾಂಕ್ ಸಿಕ್ಕಿದ್ದು ಸೀಟು ಸಿಕ್ಕಿದಂಗೆ ಅಲ್ಲ. ರ‍್ಯಾಂಕ್ ಅಂದ್ರೆ ಕ್ಯೂನಲ್ಲಿ ನಿಮ್ಮ ನಂಬರ್.

ಪ್ರತಿ ವರ್ಷದ ಕಟಾಫ್ ರ‍್ಯಾಂಕ್‌ಗಳನ್ನ ಕೆಇಎಯವರು ತಮ್ಮ ವೆಬ್‌ಸೈಟ್‌ನಲ್ಲಿ ಹಾಕ್ತಾರೆ. ಕಾಲೇಜುವಾರು, ಬ್ರಾಂಚ್‌ವಾರು, ಕೆಟಗರಿವಾರು. ಕಟಾಫ್ ಅಂದ್ರೆ ಆ ಕೆಟಗರಿಯಲ್ಲಿ ಆ ಸೀಟು ತಗೊಂಡ ಕೊನೇ ರ‍್ಯಾಂಕ್. ಒಂದು ವರ್ಷದ್ದು ನೋಡಬೇಡಿ, ಮೂರು ವರ್ಷದ್ದು ನೋಡಿ. ಬರೀ ಉದಾಹರಣೆಗೆ ಹೇಳ್ತೀನಿ: ನೀವು ಆಸೆಪಟ್ಟ ಬ್ರಾಂಚ್ ಮೂರು ವರ್ಷದಲ್ಲಿ 6,000, 7,000, 6,500ಕ್ಕೆ ಮುಗಿದಿದೆ, ನಿಮ್ಮ ರ‍್ಯಾಂಕ್ 5,000 ಅಂದ್ರೆ ಬಹುಶಃ ಸಿಗುತ್ತೆ. 7,200 ಅಂದ್ರೆ ಅಂಚಿನಲ್ಲಿದ್ದೀರಿ. 19,000 ಅಂದ್ರೆ, ತಮ್ಮಾ, ಅದು ತುಂಬಾ ದೂರ. ನಿಮ್ಮ ಕೆಟಗರಿ ಕಾಲಮ್ ನೋಡಿ, ಬೇರೆಯವರ ಕಾಲಮ್ ನೋಡಿ ಖುಷಿಪಡಬೇಡಿ. ಮೊದಲ ಸುತ್ತಿನ ಕಟಾಫ್ ಬೇರೆ, ಕೊನೇ ಸುತ್ತಿನದ್ದು ಬೇರೆ, ಅದನ್ನೂ ನೋಡಿ.

ಆಮೇಲೆ ಆಪ್ಷನ್ ಎಂಟ್ರಿ. ಇಲ್ಲಿ ನಮ್ಮ ವಿಶ್ವಾಸಿ ಮಕ್ಕಳು ಎರಡು ಥರ ಎಡವ್ತಾರೆ. ಕೆಲವರು ಭಯದಿಂದ ಆಸೆಯ ಕಾಲೇಜನ್ನ ಬರೆಯೋದೇ ಇಲ್ಲ. "ಸಿಗಲ್ಲ ಬಿಡಿ ಪಾಸ್ಟರ್, ಬರೆದ್ರೆ ಕೆಳಗಿನದ್ದೂ ಹೋಗುತ್ತೆ" ಅಂತಾರೆ. ಹೋಗಲ್ಲ! ಅವರ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನ ಮೇಲಿಂದ ನೋಡ್ಕೊಂಡು ಬರುತ್ತೆ. ಒಂದನೇದು ನಿಮ್ಮ ರ‍್ಯಾಂಕಿಗೆ ಇಲ್ಲ ಅಂದ್ರೆ ಎರಡನೇದು, ಅದಿಲ್ಲ ಅಂದ್ರೆ ಮೂರನೇದು. ಆಸೆಯನ್ನ ಮೇಲೆ ಬರೆದಿದ್ದಕ್ಕೆ ದಂಡ ಇಲ್ಲ. ಇನ್ನು ಕೆಲವರು ವಿಶ್ವಾಸದ ಹೆಸರಲ್ಲಿ ಎರಡೇ ಎರಡು ಆಪ್ಷನ್ ಹಾಕಿ, "ಕರ್ತನು ನೋಡ್ಕೊಳ್ತಾನೆ" ಅಂತ ಲಾಗೌಟ್ ಆಗಿಬಿಡ್ತಾರೆ. ನಾನು ಹೇಳೋದಿಷ್ಟು: ಮೇಲೆ ನಿಮ್ಮ ಆಸೆ ಬರೀರಿ, ಮಧ್ಯೆ ನಿಮ್ಮ ರ‍್ಯಾಂಕಿಗೆ ಸರಿಯಾದದ್ದು ಬರೀರಿ, ಕೆಳಗೆ ಖಂಡಿತ ಸಿಗೋದನ್ನ ಬರೀರಿ. ಆದ್ರೆ ಸಿಕ್ಕರೆ ನಿಜವಾಗಲೂ ಹೋಗ್ತೀರಿ ಅನ್ನೋದನ್ನ ಮಾತ್ರ ಬರೀರಿ. ಉದ್ದ ಪಟ್ಟಿ ಅವಿಶ್ವಾಸ ಅಲ್ಲ ಪ್ರಿಯರೇ. ನೋಹನು ನಾವೆಯಲ್ಲಿ ಮೂರು ಅಂತಸ್ತು ಕಟ್ಟಿದ. (ನಗು)

ಮಾಕ್ ಅಲಾಟ್‌ಮೆಂಟ್ ಬಂದಾಗ ಕುಣೀಬೇಡಿ, ಅಳಲೂ ಬೇಡಿ. ಅದು ಸೀಟಲ್ಲ, ಸೀಟಿನ ನೆರಳು. ಅದನ್ನ ನೋಡಿ ಎಲ್ಲರೂ ತಮ್ಮ ಪಟ್ಟಿ ತಿದ್ದುತ್ತಾರೆ, ಹಾಗಾಗಿ ನಿಜವಾದ ಸುತ್ತಿನಲ್ಲಿ ಬದಲಾಗುತ್ತೆ. ನೀವೂ ತಿದ್ದಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗ್ತವೆ, ಅದಕ್ಕೆ ವಾಟ್ಸ್ಯಾಪ್ ಫಾರ್ವರ್ಡ್ ನಂಬಬೇಡಿ, ಕೆಇಎ ಸೂಚನೆಯನ್ನೇ ಓದಿ.

ತಪ್ಪೊಪ್ಪಿಗೆ

ಈಗ ನನ್ನ ವಿಷಯ.

ಕೆಲವು ವರ್ಷದ ಹಿಂದೆ ನಮ್ಮ ಸಭೆಯಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಹೇಳಲ್ಲ. ಅವರಪ್ಪ ಮೈಸೂರು ರೋಡ್‌ನಲ್ಲಿ ಒಂದು ಗ್ಯಾರೇಜ್‌ನಲ್ಲಿ ಟಿಂಕರಿಂಗ್ ಕೆಲಸ, ಅಮ್ಮ ಮನೆಯಲ್ಲೇ ಬಟ್ಟೆ ಹೊಲೀತಿದ್ರು. ಈ ಹುಡುಗ ಆರಾಧನೆಯಲ್ಲಿ ಕೀಬೋರ್ಡ್ ನುಡಿಸ್ತಿದ್ದ. ಸಿಇಟಿ ಬರೆದ. ರ‍್ಯಾಂಕ್ ಕೆಟ್ಟದ್ದೇನಲ್ಲ, ಆದ್ರೆ ಅವನು ಆಸೆಪಟ್ಟ ಕಾಲೇಜಿಗೆ ಸಾಲದು. ಅವನಿಗೇ ಗೊತ್ತಿತ್ತು. ಹಿಂದಿನ ವರ್ಷದ ಕಟಾಫ್ ಪ್ರಿಂಟ್ ತೆಗೆಸಿ, ಪೆನ್ಸಿಲ್‌ನಲ್ಲಿ ಗೆರೆ ಹಾಕ್ಕೊಂಡು ನನ್ನ ಹತ್ರ ತಂದ. "ಪಾಸ್ಟರ್, ನನ್ನ ರ‍್ಯಾಂಕ್ ಇಲ್ಲಿದೆ, ಅದು ಅಲ್ಲಿದೆ. ಏನು ಮಾಡ್ಲಿ?" ಅಂದ.

ಆ ದಿನ ಉಪವಾಸ ಪ್ರಾರ್ಥನೆಯ ಕೊನೇ ದಿನ. ಸಭೆಯಲ್ಲಿ ಅಭಿಷೇಕ ಇತ್ತು, ಜನ ಅಳ್ತಾ ಇದ್ರು, ನಾನೂ ಆವೇಶದಲ್ಲಿದ್ದೆ. ಅವನ ಕೈಯಿಂದ ಆ ಹಾಳೆ ತಗೊಂಡು ಪಕ್ಕಕ್ಕಿಟ್ಟೆ. ತಲೆ ಮೇಲೆ ಕೈಯಿಟ್ಟೆ. "ಕರ್ತನು ನನಗೆ ತೋರಿಸ್ತಿದ್ದಾನೆ, ಆ ಕಾಲೇಜು ನಿನ್ನದು, ಆಗಿಹೋಯ್ತು" ಅಂತ ಹೇಳಿದೆ. ಜನ ಚಪ್ಪಾಳೆ ತಟ್ಟಿದ್ರು.

ಕರ್ತನು ನನಗೆ ಏನನ್ನೂ ತೋರಿಸಿರಲಿಲ್ಲ, ಪ್ರಿಯರೇ.

(ಸಭೆಯಲ್ಲಿ ಮೌನ)

ಹುಡುಗ ಮನೆಗೆ ಹೋಗಿ ಅದೊಂದೇ ಕಾಲೇಜಿನ ಮೂರು ಬ್ರಾಂಚ್ ಹಾಕಿದ. ಅವರಮ್ಮ ಬೇರೆಯದ್ದೂ ಹಾಕೋ ಅಂದ್ರಂತೆ. "ಪಾಸ್ಟರ್ ಹೇಳಿದ್ದಾರಲ್ಲಮ್ಮ, ಇನ್ನೂ ಹಾಕಿದ್ರೆ ಅದು ಅವಿಶ್ವಾಸ" ಅಂದನಂತೆ. ಮೊದಲನೇ ಸುತ್ತು, ಸೀಟಿಲ್ಲ. ಆಮೇಲಿನ ಸುತ್ತಿನಲ್ಲೂ ಇಲ್ಲ. ಅವನ ರ‍್ಯಾಂಕಿಗೆ ಸಿಗಬಹುದಾಗಿದ್ದ ಒಳ್ಳೆ ಕಾಲೇಜುಗಳು ಅಷ್ಟರಲ್ಲಿ ಬೇರೆ ಮಕ್ಕಳಿಂದ ತುಂಬಿದ್ದವು. ಅವರಪ್ಪ ಸಾಲ ಮಾಡಿ ಬೇರೊಂದು ಕಡೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದ್ರು. ಎಷ್ಟು ಸಾಲ ಅಂತ ಅವರು ನನಗೆ ಇವತ್ತಿನವರೆಗೂ ಹೇಳಿಲ್ಲ.

ಹುಡುಗ ನನ್ನ ಮೇಲೆ ಕೋಪ ಮಾಡ್ಕೊಂಡಿದ್ರೆ ನನಗೆ ಸುಲಭ ಆಗ್ತಿತ್ತು. ಅವನು ಒಂದು ದಿನ ಆರಾಧನೆ ಮುಗಿದ ಮೇಲೆ ಬಂದು, ಮೆಲ್ಲಗೆ ಕೇಳಿದ: "ಪಾಸ್ಟರ್, ನನ್ನ ವಿಶ್ವಾಸ ಎಲ್ಲಿ ಕಡಿಮೆ ಆಯ್ತು?" ನಾನು ಏನೋ ಹೇಳಿ ಕಳಿಸ್ದೆ. ದೇವರ ಸಮಯ, ದೇವರ ಯೋಜನೆ ಅಂತ. ಅದಾದ ಮೇಲೆ ಎರಡು ಭಾನುವಾರ ಬಂದ. ಆಮೇಲೆ ಕೀಬೋರ್ಡ್ ಸ್ಟ್ಯಾಂಡ್ ಖಾಲಿ.

ಧರ್ಮೋಪದೇಶಕಾಂಡ 18:22 ತೆಗೆದು ಮನೆಯಲ್ಲಿ ಓದಿ. ಒಬ್ಬನು ಕರ್ತನ ಹೆಸರಲ್ಲಿ ಹೇಳಿದ ಮಾತು ನಡೀಲಿಲ್ಲ ಅಂದ್ರೆ, ಅದು ಕರ್ತನ ಮಾತಲ್ಲ, ಅವನು ಸೊಕ್ಕಿನಿಂದ ಹೇಳಿದ್ದು ಅಂತ ಅಲ್ಲಿದೆ. ಈ ವಚನವನ್ನ ನಾನು ಬೇರೆಯವರ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಅದು ನನ್ನ ಮೇಲೆ ಬರೋಕೆ ವರ್ಷಗಳು ಬೇಕಾದವು.

ಈ ವರ್ಷ ಅವನನ್ನ ಹುಡುಕ್ಕೊಂಡು ಹೋದೆ. ದೀಪಾಂಜಲಿ ನಗರ ಮೆಟ್ರೋ ಸ್ಟೇಷನ್ ಕೆಳಗೆ ನಿಂತು ಮಾತಾಡಿದ್ವಿ. ಈಗ ಕೆಲಸದಲ್ಲಿದ್ದಾನೆ, ಸಾಲ ತೀರಿಸ್ತಿದ್ದಾನೆ. ನಾನು ಹೇಳಿದೆ, "ತಮ್ಮಾ, ಅವತ್ತು ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನಿನ್ನ ವಿಶ್ವಾಸ ಎಲ್ಲೂ ಕಡಿಮೆ ಆಗಿರಲಿಲ್ಲ. ನನ್ನ ಪ್ರಾಮಾಣಿಕತೆ ಕಡಿಮೆ ಆಗಿತ್ತು. ಕ್ಷಮಿಸು." ಅವನು ಸ್ವಲ್ಪ ಹೊತ್ತು ರೋಡ್ ನೋಡ್ತಾ ನಿಂತಿದ್ದ. ಆಮೇಲೆ, "ಆ ಪ್ರಿಂಟ್‌ಔಟ್ ನೀವು ಪಕ್ಕಕ್ಕಿಡಬಾರದಿತ್ತು ಪಾಸ್ಟರ್" ಅಂದ. ಅಷ್ಟೇ. ಅವನು ಇನ್ನೂ ಸಭೆಗೆ ಬಂದಿಲ್ಲ. ಇದನ್ನ ಇಲ್ಲಿ ಹೇಳೋಕೆ ಅವನ ಒಪ್ಪಿಗೆ ಇದೆ.

ಅದಕ್ಕೇ ಇವತ್ತಿನಿಂದ ಈ ವೇದಿಕೆಯಿಂದ ಯಾರ ಸೀಟಿನ ಬಗ್ಗೆಯೂ ನಾನು ಪ್ರವಾದನೆ ಹೇಳಲ್ಲ. ಪವಿತ್ರಾತ್ಮನು ಮಾತಾಡ್ತಾನೆ, ಅದನ್ನ ನಾನು ಪೂರ್ಣವಾಗಿ ನಂಬ್ತೀನಿ, ವರಗಳನ್ನ ನಂಬ್ತೀನಿ. ಆದ್ರೆ ನನ್ನ ಆವೇಶಕ್ಕೆ ಆತನ ಸಹಿ ಹಾಕೋದನ್ನ ನಿಲ್ಲಿಸ್ತೀನಿ. ಇನ್ನೊಬ್ಬರು ಯಾರಾದ್ರೂ ನಿಮಗೆ ಹಾಗೆ ಹೇಳಿದ್ರೆ, ಗೌರವದಿಂದ ವಂದನೆ ಹೇಳಿ, ಮನೆಗೆ ಬಂದು ಪೂರ್ತಿ ಪಟ್ಟಿ ತುಂಬಿ.

ಎರಡು: ಕೇಳಿ, ಆದರೆ ಚೀಟಿಯನ್ನ ಆತನ ಕೈಗೆ ಬಿಡಿ

ಈಗ ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ. ಯೂದನ ಜಾಗ ಖಾಲಿ ಇದೆ. ಹನ್ನೆರಡರಲ್ಲಿ ಒಂದು ಸ್ಥಾನ. ಇದಕ್ಕಿಂತ ಕಠಿಣವಾದ ಆಯ್ಕೆ ಲೋಕದಲ್ಲಿ ಯಾವ ಕಾಲೇಜಿನದ್ದೂ ಇಲ್ಲ. ಅಲ್ಲಿ ಕೂಡಿದ್ದವರು ಸುಮಾರು ನೂರಿಪ್ಪತ್ತು ಜನ. ಪೇತ್ರನು ಎದ್ದು ಅರ್ಹತೆ ಓದ್ತಾನೆ: ಯೋಹಾನನ ದೀಕ್ಷಾಸ್ನಾನದ ಕಾಲದಿಂದ ಯೇಸು ಪರಲೋಕಕ್ಕೆ ಏರಿ ಹೋಗುವ ದಿನದ ತನಕ ನಮ್ಮ ಜೊತೆಯಲ್ಲೇ ಇದ್ದವನಾಗಿರಬೇಕು. ನೋಡಿ, ಎಲಿಜಿಬಿಲಿಟಿ ಇದೆ! ಅಟೆಂಡೆನ್ಸ್ ಕೂಡ ಇದೆ! (ನಗು)

ಶಾರ್ಟ್‌ಲಿಸ್ಟ್ ಆದವರು ಇಬ್ಬರು. ಒಬ್ಬ ಮತ್ತೀಯ. ಇನ್ನೊಬ್ಬನಿಗೆ ಮೂರು ಹೆಸರು: ಯೋಸೇಫ, ಬಾರ್ಸಬ್ಬ, ಯುಸ್ತ. ಯುಸ್ತ ಅಂದ್ರೆ ನೀತಿವಂತ. ಜನ ಅವನನ್ನ ಹಾಗೆ ಕರೀತಿದ್ರು ಅಂದ್ರೆ ಅವನ ನಡತೆ ಹೇಗಿತ್ತು ನೋಡಿ. ಅವರು ಪ್ರಾರ್ಥನೆ ಮಾಡಿದ್ರು. ಚೀಟು ಹಾಕಿದ್ರು. ಚೀಟು ಮತ್ತೀಯನಿಗೆ ಬಂತು.

ನಾವು ಯಾವಾಗಲೂ ಮತ್ತೀಯನ ಬಗ್ಗೆ ಪ್ರಸಂಗ ಮಾಡ್ತೀವಿ. ಇವತ್ತು ಬಾರ್ಸಬ್ಬನ ಪಕ್ಕದಲ್ಲಿ ಕೂತ್ಕೊಳ್ಳಿ. ಅವನಿಗೆ ಅರ್ಹತೆ ಇತ್ತು. ನಡತೆ ಇತ್ತು. ಅವನಿಗಾಗಿ ಇಡೀ ಸಭೆ ಪ್ರಾರ್ಥನೆ ಮಾಡಿತ್ತು. ಆದ್ರೂ ಸಿಗಲಿಲ್ಲ. ಯಾಕೆ ಅಂತ ಸತ್ಯವೇದ ಹೇಳುತ್ತಾ? ಹೇಳಲ್ಲ. ಅವನ ವಿಶ್ವಾಸ ಕಡಿಮೆ ಅಂತ ಬರೆದಿದೆಯಾ? ಇಲ್ಲ. ಗುಪ್ತ ಪಾಪ ಇತ್ತು ಅಂತ ಬರೆದಿದೆಯಾ? ಇಲ್ಲವೇ ಇಲ್ಲ. ಹಾಗಾದ್ರೆ ಸೀಟು ಸಿಗದ ಮಗುವಿನ ಮನೆಗೆ ಹೋಗಿ ಕಾರಣ ಹುಡುಕೋಕೆ ನಮಗೆ ಯಾರು ಅಧಿಕಾರ ಕೊಟ್ಟರು?

ಇನ್ನೊಂದು ಸಮಾಧಾನದ ಮಾತಿದೆ, ನಾವೆಲ್ಲ ಹೇಳ್ತೀವಿ: "ಇದು ಸಿಗಲಿಲ್ಲ ಅಂದ್ರೆ ದೇವರು ಇದಕ್ಕಿಂತ ದೊಡ್ಡದು ಇಟ್ಟಿದ್ದಾನೆ." ಬಾರ್ಸಬ್ಬನಿಗೆ ಅಪೊಸ್ತಲ ಸ್ಥಾನಕ್ಕಿಂತ ದೊಡ್ಡ ಸ್ಥಾನ ಸಿಕ್ತು ಅಂತ ಎಲ್ಲೂ ಬರೆದಿಲ್ಲ. ಯೆರೆಮೀಯ 29ರ ಹನ್ನೊಂದನೇ ವಚನ ನಿಮ್ಮೆಲ್ಲರ ಸ್ಟೇಟಸ್‌ನಲ್ಲಿದೆ. ಅದರ ಹಿಂದಿನ ವಚನ ಓದಿ. ಎಪ್ಪತ್ತು ವರ್ಷ ಬಾಬೆಲಿನಲ್ಲಿ ಇರಬೇಕು ಅಂತ ಇದೆ! ಆ ಒಳ್ಳೆ ಯೋಜನೆ ಬಂದದ್ದು ಸೆರೆಯಲ್ಲಿದ್ದವರಿಗೆ. ಫಿಲಿಪ್ಪಿ 4:13 ಕೂಡ ಹಾಗೇ. ಪೌಲನು ಅದಕ್ಕೆ ಮುಂಚೆ ಏನು ಹೇಳ್ತಾನೆ? ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರೋದನ್ನ ಕಲಿತಿದೀನಿ ಅಂತ. ಅವನಿಗೆ ಸಿಕ್ಕಿದ ಬಲ ಎರಡನ್ನೂ ತಾಳಿಕೊಳ್ಳೋ ಬಲ.

ಹಾಗಂತ ಪ್ರತಿ ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ತಲೆ ಬಗ್ಗಿಸಿ ಅಂತ ನಾನು ಹೇಳ್ತಿಲ್ಲ. ರ‍್ಯಾಂಕ್‌ನಿಂದ ಮುಚ್ಚಿದ ಬಾಗಿಲು ಬೇರೆ, ಅನ್ಯಾಯದಿಂದ ಮುಚ್ಚಿದ ಬಾಗಿಲು ಬೇರೆ. ಐಐಎಸ್‌ಸಿ ಕೇಳಿದ ತಂಗಿಗೆ ಇದನ್ನ ಹೇಳಬೇಕು. 1933ರಲ್ಲಿ ಕಮಲಾ ಭಾಗವತ್ ಅಂತ ಒಬ್ಬ ಹುಡುಗಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗಳಾಗಿ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಅರ್ಜಿ ಹಾಕಿದಳು. ಆಗ ಅಲ್ಲಿನ ನಿರ್ದೇಶಕರು ನೊಬೆಲ್ ಪಡೆದ ಸರ್ ಸಿ.ವಿ. ರಾಮನ್. ಹೆಣ್ಣು ಅನ್ನೋ ಕಾರಣಕ್ಕೆ ಅರ್ಜಿ ತಿರಸ್ಕಾರ ಆಯ್ತು. ಅವಳು ಒಪ್ಪಲಿಲ್ಲ. ಬೆಂಗಳೂರಿಗೇ ಬಂದು ಎದುರಿಗೆ ನಿಂತು ಕೇಳಿದಳು, ಕಾರಣ ಕೊಡಿ ಅಂತ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಅಂತ ಷರತ್ತು ಹಾಕಿ ಸೇರಿಸಿಕೊಂಡ್ರು. ಅವಳು ಅಲ್ಲಿ ದುಡಿದು ತೋರಿಸಿದಳು. ಮುಂದೆ ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದಳು. ಕಮಲಾ ಸೊಹೊನಿ ಅಂತ ಇವತ್ತು ದೇಶ ನೆನಪಿಸಿಕೊಳ್ಳೋದು ಅವರನ್ನೇ.

ಲೂಕ 18ರ ವಿಧವೆ ನೆನಪಾಗ್ತಾಳಾ? ನ್ಯಾಯಾಧಿಪತಿಯ ಬಾಗಿಲು ಬಿಡದೆ ತಟ್ಟಿದವಳು. ನಮ್ಮ ಮನೆಗಳಲ್ಲಿ ಎಷ್ಟೋ ತಂಗಿಯರಿಗೆ ರ‍್ಯಾಂಕ್ ಇದೆ, ಆದ್ರೆ "ಹುಡುಗಿ ಅಷ್ಟು ದೂರ ಯಾಕೆ, ಹತ್ತಿರದ್ದು ಸಾಕು" ಅಂತ ಮನೆಯಲ್ಲೇ ಪಟ್ಟಿ ಕತ್ತರಿಸ್ತಾರೆ. ಅಪ್ಪಂದಿರೇ, ಅಣ್ಣಂದಿರೇ, ಕೆಇಎ ಕೊಟ್ಟ ಸೀಟನ್ನ ನೀವು ಕಿತ್ಕೊಬೇಡಿ. ತಂಗಿ, ಅಂಥ ಬಾಗಿಲನ್ನ ನೀನು ತಟ್ಟು. ಬೇಕಾದ್ರೆ ನಿನ್ನ ಜೊತೆ ತಟ್ಟೋಕೆ ನಾನೂ ಬರ್ತೀನಿ, ನಮ್ಮ ಅಮ್ಮಾವ್ರೂ ಬರ್ತಾರೆ.

ಮೂರು: ಮೇಲ್ಮಾಳಿಗೆ ಬಿಟ್ಟು ಹೋಗಬೇಡಿ

ಕೊನೇ ವಿಷಯ. ಬಾರ್ಸಬ್ಬನಿಗೆ ಸ್ಥಾನ ಸಿಗದ ಆ ದಿನ ಸಾಯಂಕಾಲ ಏನಾಗಿರಬಹುದು? ಅವಮಾನ ಆಗಿರುತ್ತೆ. ಎಲ್ಲರ ಮುಂದೆ ಹೆಸರು ಕರೆದು, ಎಲ್ಲರ ಮುಂದೆ ಇಲ್ಲ ಅಂತ ಆದದ್ದು. ಎದ್ದು ಊರಿಗೆ ಹೋಗಿಬಿಡಬಹುದಿತ್ತು. ಅವನು ಹೋದ ಅಂತ ಲೂಕನು ಬರೆದಿಲ್ಲ. ಮುಂದಿನ ಅಧ್ಯಾಯದ ಮೊದಲನೇ ವಚನ ನೋಡಿ. ಪಂಚಾಶತ್ತಮ ದಿನ ಬಂದಾಗ ಅವರೆಲ್ಲರೂ ಒಂದೇ ಸ್ಥಳದಲ್ಲಿ ಕೂಡಿದ್ದರು ಅಂತ ಇದೆ. ಎಲ್ಲರೂ! ಬಾರ್ಸಬ್ಬನೂ ಅಲ್ಲಿದ್ದ ಅಂತ ನಾನು ನಂಬ್ತೀನಿ. ಬೆಂಕಿಯಂತಿದ್ದ ನಾಲಿಗೆಗಳು ಇಳಿದು ಬಂದಾಗ ಒಬ್ಬೊಬ್ಬರ ಮೇಲೂ ಕೂತವು. ಹನ್ನೆರಡು ಜನರ ಮೇಲೆ ಮಾತ್ರ ಅಂತ ಹೇಳಿಲ್ಲ. ರ‍್ಯಾಂಕ್ ಕೇಳಲಿಲ್ಲ. ಚೀಟು ಯಾರಿಗೆ ಬಂತು ಅಂತ ಕೇಳಲಿಲ್ಲ.

ಸ್ಥಾನ ಸಿಕ್ಕಿದ್ದು ಮತ್ತೀಯನಿಗೆ. ಆತ್ಮ ಇಳಿದದ್ದು ಇಬ್ಬರ ಮೇಲೂ. ಹಲ್ಲೆಲೂಯ! (ಸಭೆ: ಹಲ್ಲೆಲೂಯ!)

ಇನ್ನೊಂದು ಗೊತ್ತಾ? ಆ ಅಧ್ಯಾಯದ ನಂತರ ಬಾರ್ಸಬ್ಬ ಯೋಸೇಫನ ಹೆಸರು ಸತ್ಯವೇದದಲ್ಲಿ ಮತ್ತೆ ಬರಲ್ಲ. ಮತ್ತೀಯನ ಹೆಸರೂ ಬರಲ್ಲ. ಆಯ್ಕೆಯಾದವನೂ ಆಗದವನೂ ಒಂದೇ ಸಭೆಯಲ್ಲಿ ಸೇರಿ ಹೋಗ್ತಾರೆ. ಮೊದಲ ಸಭೆ ಇಬ್ಬರನ್ನೂ ಹಿಡ್ಕೊಂಡಿತ್ತು.

ನಾವು ಅಂಥ ಸಭೆನಾ? ಫಲಿತಾಂಶ ಬಂದ ಮೇಲಿನ ಭಾನುವಾರ ಇಲ್ಲಿ ಏನಾಗುತ್ತೆ ನೆನಪಿಸಿಕೊಳ್ಳಿ. ಸೀಟು ಸಿಕ್ಕಿದ ಮಗು ಮುಂದೆ ಬಂದು ಸಾಕ್ಷಿ ಹೇಳುತ್ತೆ. ಸ್ವೀಟ್ ಹಂಚ್ತೀವಿ. ಒಳ್ಳೇದೇ, ಸಂತೋಷಪಡೋರ ಜೊತೆ ಸಂತೋಷಪಡಬೇಕು. ಆದ್ರೆ ಸಿಗದ ಮಗು ಆ ಭಾನುವಾರ ಎಲ್ಲಿರುತ್ತೆ? ತಲೆನೋವು ಅಂತ ಮನೆಯಲ್ಲಿರುತ್ತೆ. ಅದಕ್ಕೆ ಕಾರಣ ತಲೆನೋವಲ್ಲ, ನಾವು. ಈ ವರ್ಷ ನಾನು ಕೇಳ್ಕೊಳ್ಳೋದು ಇಷ್ಟೇ: ಸಿಗದವರಿಗೂ ಮೈಕ್ ಕೊಡೋಣ. "ನನಗೆ ಸಿಗಲಿಲ್ಲ, ನಾನು ಇಲ್ಲೇ ಇದೀನಿ" ಅಂತ ಒಬ್ಬ ಬಾರ್ಸಬ್ಬ ಎದ್ದು ಹೇಳಿದ್ರೆ ಅದೂ ಸಾಕ್ಷಿಯೇ. ಆವತ್ತು ಎರಡು ಡಬ್ಬಿ ಸ್ವೀಟ್ ತರ್ತೀನಿ.

ತಂದೆತಾಯಂದಿರೇ, ನಿಮ್ಮ ಮಗುವಿಗೆ ಫಲಿತಾಂಶದ ಮುಂಚೆಯೇ ಒಂದು ಮಾತು ಹೇಳಿ, ಆಮೇಲೆ ಹೇಳಿದ್ರೆ ಅದು ಸಮಾಧಾನದಂಗೆ ಕೇಳುತ್ತೆ. "ಏನೇ ಬರಲಿ, ರಾತ್ರಿ ಊಟಕ್ಕೆ ನಾವೆಲ್ಲ ಒಟ್ಟಿಗೆ ಕೂರ್ತೀವಿ" ಅಂತ ಹೇಳಿ. ಮಕ್ಕಳೇ, ಯಾರಿಗಾದ್ರೂ ಮನಸ್ಸು ತುಂಬಾ ಕುಸಿದಿದ್ರೆ, ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ, ಅದನ್ನ ಪಾಪ ಅಂತ ಮುಚ್ಚಿಡಬೇಡಿ. ನನಗೆ ಯಾವ ಹೊತ್ತಿನಲ್ಲಾದ್ರೂ ಫೋನ್ ಮಾಡಿ. ನನಗೆ ಹೇಳೋಕೆ ಸಂಕೋಚ ಆದ್ರೆ 14416ಕ್ಕೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಲೂಕನೇ ವೈದ್ಯ ಅನ್ನೋದನ್ನ ಮರೀಬೇಡಿ.

ಈಗ ಕೆಲಸದ ಮಾತು. ಆರಾಧನೆ ಮುಗಿದ ಮೇಲೆ ಹಿಂದಿನ ಸಂಡೇ ಸ್ಕೂಲ್ ರೂಮ್‌ನಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟಿರ್ತೀವಿ. ಈ ಸುತ್ತುಗಳನ್ನೆಲ್ಲ ದಾಟಿ ಬಂದ ನಮ್ಮ ಯೌವನಸ್ಥರು ಮೂರು ಜನ ಅಲ್ಲಿ ಕೂತಿರ್ತಾರೆ. ರ‍್ಯಾಂಕ್ ತನ್ನಿ, ಮೂರು ವರ್ಷದ ಕಟಾಫ್ ನೋಡೋಣ, ಪಟ್ಟಿ ಮಾಡೋಣ. ಸೀಟು ಅಲಾಟ್ ಆದ ಮೇಲೆ ನಾಲ್ಕು ಚಾಯ್ಸ್ ಬರುತ್ತಲ್ಲ, ಅದನ್ನೂ ಅರ್ಥ ಮಾಡ್ಕೊಳ್ಳಿ. ಒಂದು ಅಂದ್ರೆ ಸಾಕು, ಸೇರ್ತೀನಿ. ಎರಡು ಅಂದ್ರೆ ಇದನ್ನ ಹಿಡ್ಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತು ನೋಡ್ತೀನಿ. ಮೂರು ಅಂದ್ರೆ ಇದು ಬೇಡ, ಮುಂದಿನ ಸುತ್ತು ನೋಡ್ತೀನಿ. ನಾಲ್ಕು ಅಂದ್ರೆ ನಾನೇ ಹೊರಗೆ. ಎರಡಕ್ಕೂ ಮೂರಕ್ಕೂ ಇರೋ ವ್ಯತ್ಯಾಸ ಗೊತ್ತಿಲ್ಲದೆ ಕ್ಲಿಕ್ ಮಾಡಿ ಸೀಟು ಕಳ್ಕೊಂಡ ಮಕ್ಕಳನ್ನ ನಾನು ನೋಡಿದೀನಿ. ಕೂತು, ಓದಿ, ಆಮೇಲೆ ಒತ್ತಿ.

ಈ ಸಲ ನಿಮ್ಮ ಪ್ರಿಂಟ್‌ಔಟ್‌ನ ನಾನು ಪಕ್ಕಕ್ಕಿಡಲ್ಲ. ಅದರ ಮೇಲೇ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ.

ಎದ್ದು ನಿಲ್ಲೋಣ. ಈ ವಾರ ಫಲಿತಾಂಶಕ್ಕೆ ಕಾಯ್ತಿರೋ ಮಕ್ಕಳು ಮುಂದೆ ಬನ್ನಿ. ಸಂಕೋಚ ಬೇಡ. ಹಿರಿಯರು ಅವರ ಹಿಂದೆ ನಿಂತ್ಕೊಳ್ಳಿ.

ಪರಲೋಕದಲ್ಲಿರುವ ತಂದೆಯೇ, ನಿನಗೆ ಸ್ತೋತ್ರ. ಈ ಮಕ್ಕಳ ಆಸೆ ನಿನಗೆ ಗೊತ್ತು, ಇವರ ರ‍್ಯಾಂಕ್ ನಿನಗೆ ಗೊತ್ತು, ಇವರ ಮನೆಯ ಸಾಲ ನಿನಗೆ ಗೊತ್ತು. ಇವರು ಕೇಳುವುದನ್ನು ನಾಚಿಕೆಯಿಲ್ಲದೆ ಕೇಳುತ್ತೇವೆ, ಸೀಟು ಕೊಡು ಕರ್ತನೇ. ಲೆಕ್ಕ ಹಾಕುವ ಬುದ್ಧಿಯನ್ನೂ ಕೊಡು. ಚೀಟು ನಿನ್ನ ಕೈಯಲ್ಲಿದೆ. ಅದು ಇವರ ಹೆಸರಿಗೆ ಬಂದರೆ ದೀನರಾಗಿರಲಿ. ಬಾರದಿದ್ದರೆ ಈ ಮೇಲ್ಮಾಳಿಗೆಯನ್ನು ಬಿಟ್ಟು ಹೋಗದಿರಲಿ. ನಮ್ಮಿಂದ ನೋವಾಗಿ ಹೊರಗೆ ಹೋದ ಆ ಮಗನನ್ನು ನೆನಪು ಮಾಡಿಕೋ ಸ್ವಾಮಿ. ಅವನು ಹಿಂದಿರುಗುವವರೆಗೂ ಅವನ ಜಾಗವನ್ನು ನಾವು ಖಾಲಿ ಇಟ್ಟಿರುತ್ತೇವೆ. ನಿನ್ನ ಆತ್ಮನನ್ನು ಎಲ್ಲರ ಮೇಲೂ ಸುರಿಸು, ಆಯ್ಕೆಯಾದವರ ಮೇಲೂ, ಆಗದವರ ಮೇಲೂ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.

ಕರ್ತನು ನಿಮ್ಮನ್ನ ಆಶೀರ್ವದಿಸಲಿ. ರೂಮ್ ತೆರೆದಿದೆ, ನಿಮ್ಮ ಹಾಳೆ ತಗೊಂಡು ಬನ್ನಿ.